ಎರೆ ನೆಲದ ಮೇಲೆ ಪಾಯ

ದಾವಣಗೆರೆಯ ಎಸ್.ಎಸ್. ಬಡಾವಣೆಯ ಕಡೆ ಒಂದು ಶೆಡ್ ಹಾಕಿ ಲೇತ್ ಕೂರಿಸಬೇಕು ಎನ್ನುವವರು ಮೇಸ್ತ್ರಿಯನ್ನು ಮೊದಲು ಕೇಳುವುದು, ಪಾಯ ಎಷ್ಟು ಅಡಿ ತೆಗೆಯಬೇಕು ಎಂದು. ಅದಕ್ಕೂ ಮೊದಲು ಕೇಳಬೇಕಾದ ಮಾತೊಂದಿದೆ: ಈ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ? ದಾವಣಗೆರೆ, ಹರಿಹರದ ಸೀಮೆಯಲ್ಲಿ ಕೆಂಪು ಮಣ್ಣೂ ಉಂಟು, ಎರೆಯೂ ಉಂಟು. ಕೆಂಪು ನೆಲದಲ್ಲಿ ಅಗೆದಾಗ ಗರಸು ಸಿಕ್ಕಿತೆಂದರೆ ಪಾಯದ ಚಿಂತೆ ಅರ್ಧ ಕಳೆದಂತೆ. ಎರೆಯಲ್ಲಿ ಆ ನೆಮ್ಮದಿಯಿಲ್ಲ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿದ ಹತ್ತಿಗೆ ಬೇಕಾದದ್ದು ಇದೇ ಮಣ್ಣು, ಗೋಡೆಗಳನ್ನು ಸೀಳಿದ್ದೂ ಇದೇ. ಈ ಸೀಮೆಯಲ್ಲಿ ಯಾವ ಪಾಯ ಉಳಿಯಿತು, ಯಾವುದು ಕೆಟ್ಟಿತು ಎಂಬುದನ್ನು ಮೇಲಿನ ಭಾರಕ್ಕಿಂತ ಹೆಚ್ಚಾಗಿ ಕೆಳಗಿನ ತೇವವೇ ತೀರ್ಮಾನಿಸಿದೆ ಎಂಬುದು ನನ್ನ ವಾದ.

ಹಳೆಯ ಅಂಕಣದ ಮನೆಯನ್ನೇ ನೋಡಿ. ಮಾಳಿಗೆಯ ಭಾರವನ್ನು ತೊಲೆಗಳು ಕಂಬಗಳಿಗೆ ದಾಟಿಸುತ್ತವೆ, ಕಂಬಗಳು ಕಲ್ಲಿನ ಮೇಲೆ ಕೂತಿರುತ್ತವೆ. ಮಣ್ಣಿನ ಗೋಡೆ ಬಿರುಕು ಬಿಟ್ಟರೂ ಸೂರು ಬೀಳುವುದಿಲ್ಲ. ಬಿರುಕಿಗೆ ಮಣ್ಣು ಮೆತ್ತಿ ಸಾರಿಸಿದರೆ ಆಯಿತು. ದನ ಕಟ್ಟುವ ಅಂಕಣ ತಗ್ಗಿನಲ್ಲಿ, ಜನ ಇರುವ ಕಡೆ ಎತ್ತರದಲ್ಲಿ. ಗಂಜಲ ಹರಿದು ಹೊರಹೋಗಲಿ, ಒಳಗಿನ ನೆಲ ಒಣಗಿರಲಿ ಎಂಬ ಲೆಕ್ಕ ಅದು. ಕಣ ಮಾಡುವಾಗಲೂ ನೆಲ ಕೆತ್ತಿ, ನೀರು ಚಿಮುಕಿಸಿ, ತುಳಿಸಿ, ಸಗಣಿಯಿಂದ ಸಾರಿಸಿ ಗಟ್ಟಿ ಮಾಡುತ್ತಿದ್ದರು. ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಹಗೇವು. ನೆಲದೊಳಗೆ ಗುಂಡಿ ತೋಡಿ, ತಳಕ್ಕೂ ಸುತ್ತಲಿನ ಗೋಡೆಗೂ ಹುಲ್ಲು ಒತ್ತಿ, ಜೋಳವನ್ನೋ ರಾಗಿಯನ್ನೋ ತುಂಬಿ, ಬಾಯಿ ಮುಚ್ಚಿ ಮಣ್ಣು ಹಾಕಿದರೆ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಒಣಹುಲ್ಲಿನ ಕಡ್ಡಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಹೊರಗಿನ ಬಿಸಿಯನ್ನು ತಡೆಯುತ್ತದೆ, ಹುಲ್ಲು ಮಣ್ಣಿನ ತೇವವನ್ನು ಕಾಳಿಗೆ ತಾಗಗೊಡದು. ಇಂದು ನೆಲದಡಿ ಥರ್ಮೋಕೋಲ್ ಹಲಗೆ ಹಾಸುವವರು ಬಯಸುವುದೂ ಇಷ್ಟನ್ನೇ. ಹಗೇವಿಗೆ ಊರಿನ ಎತ್ತರದ ಗಟ್ಟಿ ನೆಲವನ್ನೇ ಹುಡುಕುತ್ತಿದ್ದರು; ನೀರು ನಿಲ್ಲುವ ಕಡೆ ತೋಡಿದವನಿಗೆ ಕಾಳಿನ ಬದಲು ಮುಗ್ಗಲು ಸಿಗುತ್ತಿತ್ತು.

ಇದು ಜಾಣತನವಲ್ಲ, ಬಡತನ; ಕಲ್ಲು ಸುಣ್ಣಕ್ಕೆ ದುಡ್ಡಿಲ್ಲದವರು ಮಣ್ಣು ಮೆತ್ತಿಕೊಂಡರು ಎಂದು ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ನಿಜವಿದೆ. ಮಣ್ಣಿನ ನೆಲವನ್ನು ವಾರವಾರ ಸಾರಿಸುವ ದುಡಿಮೆ ಹೆಂಗಸರ ಬೆನ್ನ ಮೇಲೆ ಬಿದ್ದಿತ್ತು ಎಂಬುದನ್ನು ಮರೆತು ಹಳೆಯದನ್ನು ಹೊಗಳುವುದು ಅನ್ಯಾಯ. ಆದರೆ ಕಲ್ಲು ಹಾಸುವ ಶಕ್ತಿಯಿದ್ದ ಗೌಡರ ಮನೆಗಳಲ್ಲೂ ಹಗೇವು ಇತ್ತು, ಕಂಬದ ಮೇಲೆ ಮಾಳಿಗೆ ನಿಲ್ಲಿಸುವ ಕ್ರಮವೂ ಇತ್ತು. ಬಡತನವೊಂದೇ ಕಾರಣವಾಗಿದ್ದರೆ ಉಳ್ಳವರು ಇದನ್ನೆಲ್ಲ ಬಿಟ್ಟುಬಿಡಬೇಕಿತ್ತು.

ಲೆಕ್ಕ ತಪ್ಪಿದ್ದು ಎರಡು ಕಡೆಯಿಂದ. ಒಂದು ಯಂತ್ರ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು, ಅದರ ನೆರಳಲ್ಲಿ ಯಂತ್ರಪುರ ಬೆಳೆಯಿತು, ಲೇತ್ ಎಂಬ ಹೆಸರು ಈ ಸೀಮೆಯ ಮನೆಮಾತಾಯಿತು. ಗೋಡೆ ಒಂದಿಷ್ಟು ವಾಲಿದರೆ ಸಹಿಸಬಹುದು, ಲೇತ್ ಅದನ್ನು ಸಹಿಸದು. ಅದನ್ನು ಕೂರಿಸುವಾಗ ಮಟ್ಟಗೋಲಿಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡುತ್ತಾರೆ. ಕೆಳಗಿನ ನೆಲ ಒಂದು ಮೂಲೆಯಲ್ಲಿ ಉಬ್ಬಿ ಬೆಡ್ ಕೂದಲೆಳೆಯಷ್ಟು ತಿರುಚಿದರೂ, ಕಡೆದ ಶಾಫ್ಟು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಗುತ್ತದೆ. ಮೆತ್ತಿ ಸರಿಮಾಡುವ ಹಳೆಯ ಉಪಾಯ ಅಲ್ಲಿ ನಡೆಯದು. ಇನ್ನೊಂದು ನಾಲೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1965ರಲ್ಲಿ ಮುಗಿಯಿತು. ಮಳೆ ನೋಡಿ ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳು ಗದ್ದೆಯಾದವು, ಅಕ್ಕಿ ಗಿರಣಿಗಳು ಬಂದವು. ವರ್ಷಕ್ಕೊಮ್ಮೆ ನೆನೆದು ಒಣಗುತ್ತಿದ್ದ ಮಣ್ಣು ನಾಲೆಗೆ ನೀರು ಬಿಟ್ಟಾಗಲೆಲ್ಲ ನೆನೆಯತೊಡಗಿತು. ಅಂಥ ಗದ್ದೆ ಬಡಾವಣೆಯಾಯಿತೆಂದರೆ ನಾಲೆಯ ನೀರು ನಿಂತು, ನಲ್ಲಿ, ಬಚ್ಚಲು, ಚರಂಡಿಯ ನೀರು ಶುರುವಾಗುತ್ತದೆ. ಅಜ್ಜನ ಕಾಲದ ನೆಲದ ಅರಿವು ಮೊಮ್ಮಗನ ಸೈಟಿಗೆ ಪೂರ್ತಿ ಒದಗದಿರುವುದು ಇದರಿಂದಲೇ.

ದಪ್ಪ ಕಾಂಕ್ರೀಟ್ ಹಾಕಿದರೆ ಮುಗಿಯಿತಲ್ಲ ಎಂಬುದು ಮುಂದಿನ ಆಕ್ಷೇಪ. ಹಗುರ ಶೆಡ್ಡಿನ ನೆಲಕ್ಕೆ ಉಬ್ಬುವ ಎರೆಯನ್ನು ಅದುಮಿ ಹಿಡಿಯುವಷ್ಟು ತೂಕ ಎಲ್ಲಿಂದ ಬರಬೇಕು? ಅಂಚಿನಲ್ಲಿ ಮಳೆನೀರು ಇಳಿದು ಅಲ್ಲಿ ಮಾತ್ರ ಉಬ್ಬಿದರೆ ಕಾಂಕ್ರೀಟ್ ಬೆನ್ನು ಮುರಿದುಕೊಳ್ಳುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದಕ್ಕೆಂದೇ ಬುಡ ಉಬ್ಬಿದ ಕಂಬಪಾಯವನ್ನು ರೂಪಿಸಿತು. ದಪ್ಪ ಎರೆಯಲ್ಲಿ ಸುಮಾರು 3.5 ಮೀಟರ್ ಕೆಳಗೆ ತೇವ ಹೆಚ್ಚು ಏರುಪೇರಾಗದು. ಅಲ್ಲಿಗೆ ಕಂಬ ಇಳಿಸಿ, ಮೇಲೆ ಬೀಮ್ ಕಟ್ಟಿ, ಬೀಮಿಗೂ ಮಣ್ಣಿಗೂ ನಡುವೆ ಉಬ್ಬಲು ಜಾಗ ಬಿಡುತ್ತಾರೆ. ಅಂಕಣದ ಮನೆಯ ಕಂಬದ ಯೋಚನೆಯೇ ನೆಲದೊಳಕ್ಕೆ ಇಳಿದಂತಿದೆ. ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಬೇರೆ ದಾರಿ ತೋರಿಸಿದರು: ಎರೆಯ ಮೇಲೆ ಸುಮಾರು 1 ಮೀಟರ್ ದಪ್ಪಕ್ಕೆ, ಅಂಟು ಇರುವ ಆದರೆ ಉಬ್ಬದ ಮಣ್ಣನ್ನು ಹಾಸಿ ಕುಟ್ಟುವುದು. ಮಲಪ್ರಭಾ ನಾಲೆಯ ಕೆಲಸಕ್ಕೆ ಅದು ಒದಗಿತು. ಪಾಯಕ್ಕೆ ಬರೀ ಮರಳು ತುಂಬಿಸುವವರು ಇದನ್ನು ಗಮನಿಸಬೇಕು. ಮರಳಿನಲ್ಲಿ ಅಂಟಿಲ್ಲ, ಅದು ನೀರನ್ನು ನೇರವಾಗಿ ಎರೆಯ ಬಾಯಿಗೆ ಬಿಡುತ್ತದೆ. ಜಿಗುಟಿರುವ ಗರಸೇ ಮೇಲು.

ಇನ್ನು ಹಗೇವಿನ ಹುಲ್ಲಿನ ಹಾಗೆ ನೆಲದಡಿ ಶಾಖ ತಡೆಯುವ ಪದರದ ವಿಷಯ. ನೆಲವನ್ನು ಬೆಚ್ಚಗಿಡುವ ಮಾತು ದಾವಣಗೆರೆಯ ಬಿಸಿಲಿಗೆ ಹೊಂದದು ಎನಿಸಬಹುದು. ರೋಮಿನವರು ನೆಲವನ್ನು ಗಿಡ್ಡ ಕಂಬಗಳ ಮೇಲೆತ್ತಿ ಅಡಿಯಲ್ಲಿ ಬಿಸಿಗಾಳಿ ಹಾಯಿಸಿದ್ದು, ಕೊರಿಯಾದವರು ಒಲೆಯ ಹೊಗೆಯನ್ನು ನೆಲದಡಿ ಹರಿಸಿದ್ದು ಚಳಿಗೆ ಅಂಜಿ. ಹಿಮದ ದೇಶಗಳಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ನೆಲವನ್ನು ಎತ್ತುತ್ತದೆ. ನಮ್ಮಲ್ಲಿ ಅದೇ ಕೆಲಸವನ್ನು ಎರೆ ಮಾಡುತ್ತದೆ. ಆದರೆ ಈ ಊರಿಗೂ ತನ್ನದೇ ಬಿಸಿ ನೆಲವೊಂದಿದೆ, ಮಂಡಕ್ಕಿ ಭಟ್ಟಿ. ನೆನೆಸಿ ಬೇಯಿಸಿದ ಭತ್ತ ಒಣಗಿ, ಅಕ್ಕಿಯಾಗಿ, ಉಪ್ಪುನೀರು ಹೀರಿ, ಕಾದ ಮರಳಿನಲ್ಲಿ ಅರಳುವ ತನಕ ಅಲ್ಲಿ ಒಂದು ಕಡೆ ನೀರು, ಒಂದು ಕಡೆ ಬೆಂಕಿ. ದಿನವೂ ಉರಿಯುವ ಒಲೆಯ ಕೆಳಗೆ ಎರೆಯಿದ್ದರೆ ಅದು ಒಣಗಿ ಕುಗ್ಗುತ್ತದೆ, ಭತ್ತ ನೆನೆಸುವ ತೊಟ್ಟಿಯ ಪಕ್ಕದ್ದು ಉಬ್ಬುತ್ತದೆ. ಒಂದೇ ಸೂರಿನಡಿ ನೆಲಕ್ಕೆ ಎರಡು ನಡೆ. ಇಲ್ಲಿ ಶಾಖ ತಡೆಯುವ ಪದರ ಬೇಕಾಗುವುದು ಕಾಲು ಬೆಚ್ಚಗಿರಲೆಂದಲ್ಲ, ಬೆಂಕಿ ಮಣ್ಣಿನ ತೇವವನ್ನು ಕದಿಯದಿರಲೆಂದು. ಆ ಪದರದ ಸಾಮಗ್ರಿಯೂ ದೂರವಿಲ್ಲ: ಹೆಚ್ಚಿನ ಪಾಲು ಸಿಲಿಕಾ ಇರುವ ಭತ್ತದ ಹೊಟ್ಟಿನ ಬೂದಿ ಶಾಖವನ್ನು ಎಷ್ಟು ಚೆನ್ನಾಗಿ ತಡೆಯುತ್ತದೆಂದರೆ, ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಲೋಹ ಆರದಂತೆ ಅದನ್ನು ಮೇಲೆ ಹೊದಿಸುತ್ತಾರೆ. ಅಕ್ಕಿ ಗಿರಣಿಯ ಊರಿನಲ್ಲಿ ಹೊಟ್ಟಿಗೆ ಬರವಿಲ್ಲ. ಒಲೆಯ ತಳದಲ್ಲಿ ಇಟ್ಟಿಗೆ, ಅದರಡಿ ಬೂದಿ, ಅದರಡಿ ಕುಟ್ಟಿದ ಗರಸು, ಸುತ್ತ ನೀರು ಹೊರಕ್ಕೆ ಹರಿಯುವಂತೆ ಇಳಿಜಾರಿನ ಕಟ್ಟೆ: ಭಟ್ಟಿಗೆ ಇದು ಸಾಕು. ಲೇತಿನ ಶೆಡ್ಡಿಗಾದರೆ ಬೂದಿ ಬಿಟ್ಟು ಉಳಿದದ್ದೆಲ್ಲ ಬೇಕು, ಚರಂಡಿ ಮಾತ್ರ ಗೋಡೆಯಿಂದ ಇನ್ನಷ್ಟು ದೂರ.