ಲೇಸರ್ ನೇತ್ರಚಿಕಿತ್ಸೆಯ ಮಸೂರಗಳು

ಕಣ್ಣಿನೊಳಗಿನ ಗೊತ್ತಾದ ಜಾಗವನ್ನು ವೈದ್ಯರಿಗೆ ಕಾಣಿಸಿ, ಲೇಸರ್ ಕಿರಣವನ್ನು ಅಲ್ಲಿಗೇ ತಲುಪಿಸುವ ಮಸೂರಗಳಿವು. ಹೆಚ್ಚಿನವನ್ನು ಕಣ್ಣಿನ ಮೇಲೆಯೇ ಕೂರಿಸುತ್ತಾರೆ. ಕೆಲವನ್ನು ಕಣ್ಣಿನೆದುರು ಕೈಯಲ್ಲಿ ಹಿಡಿಯುತ್ತಾರೆ. ಕನ್ನಡಕದ ಅಗತ್ಯವನ್ನು ತಪ್ಪಿಸುವ ಲಾಸಿಕ್ ಚಿಕಿತ್ಸೆಯ ವ್ಯವಸ್ಥೆ ಬೇರೆ ಬಗೆಯದಾದ್ದರಿಂದ ಈ ಲೇಖನದಲ್ಲಿ ಸೇರಿಲ್ಲ. ಲೇಸರ್ ಚಿಕಿತ್ಸೆಯ ಇತಿಹಾಸವನ್ನು ಸಾಮಾನ್ಯವಾಗಿ ರೂಬಿ, ಆರ್ಗಾನ್, ಯಾಗ್ ಎಂದು ಯಂತ್ರಗಳ ಹೆಸರಿನಲ್ಲೇ ಹೇಳುವುದು ವಾಡಿಕೆ. ರೆಟಿನಾದ ಮೇಲೆ ಬೀಳುವ ಬೆಳಕಿನ ಚುಕ್ಕೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಯಂತ್ರದಷ್ಟೇ ಮಸೂರವೂ ನಿರ್ಧರಿಸುತ್ತದೆ. ಹಳೆಯ ದಾಖಲೆಗಳ ಗೊಂದಲಕ್ಕೆ ಈ ಅಂಶವನ್ನು ಮರೆತದ್ದು ಒಂದು ಮುಖ್ಯ ಕಾರಣ.

ಮಸೂರ ಲೇಸರಿಗಿಂತ ಹಳೆಯದು. ಕಣ್ಣಿನ ಒಟ್ಟು ಸುಮಾರು 60 ಡಯಾಪ್ಟರ್ ಶಕ್ತಿಯಲ್ಲಿ 43ರಷ್ಟು ಕಾರ್ನಿಯಾದ್ದು. ಅದರ ಮೇಲೆ ಮುಂಬದಿ ಚಪ್ಪಟೆಯಾಗಿರುವ ಮಸೂರವನ್ನಿಟ್ಟು ನಡುವೆ ದ್ರವ ತುಂಬಿದರೆ ಆ ಶಕ್ತಿ ಬಹುಮಟ್ಟಿಗೆ ಅಳಿದುಹೋಗಿ ರೆಟಿನಾ ಸ್ಲಿಟ್ ಲ್ಯಾಂಪಿನ ಸೂಕ್ಷ್ಮದರ್ಶಕಕ್ಕೆ ಸಿಗುತ್ತದೆ. ಜರ್ಮನಿಯ ನೇತ್ರವೈದ್ಯ ಕೆಪ್ಪೆ ಇದನ್ನು ಮೊದಲನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಮಾಡಿ ತೋರಿಸಿದ್ದರು. ಬರ್ನ್ ನಗರದ ಹಾನ್ಸ್ ಗೋಲ್ಡ್‌ಮನ್ 1940ರ ದಶಕದ ಕೊನೆಗೆ ಇಂಥ ಮಸೂರದೊಳಗೆ 59, 67 ಮತ್ತು 73 ಡಿಗ್ರಿ ಓರೆಯ ಮೂರು ಕನ್ನಡಿಗಳನ್ನು ಕೂರಿಸಿದರು. ನಡುಭಾಗದಿಂದ ರೆಟಿನಾದ ಕೇಂದ್ರ, ಕನ್ನಡಿಗಳಿಂದ ಅಂಚಿನ ಭಾಗಗಳು ಕಾಣತೊಡಗಿದವು. ತಪಾಸಣೆಗೆಂದು ಮಾಡಿದ ಈ ಮಸೂರವೇ ಮುಂದೆ ಲೇಸರ್ ಚಿಕಿತ್ಸೆಗೆ ಅಳತೆಗೋಲಾಯಿತು.

ಬೆಳಕಿನಿಂದ ರೆಟಿನಾವನ್ನು ಸುಟ್ಟು ಬೆಸೆಯುವ ವಿದ್ಯೆಯನ್ನು ಮೊದಲು ಕಂಡುಕೊಂಡವರು ಯಾರೆಂಬ ಬಗ್ಗೆ ಎರಡು ವಾದಗಳಿವೆ. ಜರ್ಮನಿಯ ಗೆರ್ಡ್ ಮೇಯರ್ ಶ್ವಿಕರಾಥ್ 1945ರ ಜುಲೈ 9ರ ಸೂರ್ಯಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಿ ರೆಟಿನಾ ಸುಟ್ಟುಕೊಂಡವರನ್ನು ಕಂಡು ಈ ದಾರಿ ಹಿಡಿದರು; 1949ರಲ್ಲಿ ರೋಗಿಗಳಿಗೆ ಚಿಕಿತ್ಸೆ ಮಾಡಿದರು. ಸ್ಪೇನಿನ ಮೊರೋನ್ ಸಾಲಾಸ್ ಅದೇ ಕಾಲದಲ್ಲಿ ಇದೇ ಪ್ರಯತ್ನದಲ್ಲಿದ್ದರು, ಆದರೆ ಅವರ ಬರಹ ಹೊರಬಂದದ್ದು 1950ರಲ್ಲಿ. ಪ್ರಕಟಣೆಯನ್ನೇ ಎಣಿಸುವುದಾದರೆ ಹಿರಿತನ ಜರ್ಮನಿಗೆ ಸಲ್ಲುತ್ತದೆ. ಸ್ಪೇನಿನ ಪ್ರಯತ್ನವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ಮಾತ್ರ ನ್ಯಾಯವಲ್ಲ. ಬಳಿಕ ಬಂದ ಜೈಸ್ ಸಂಸ್ಥೆಯ ಕ್ಸೆನಾನ್ ಯಂತ್ರದಲ್ಲಿ ಚುಕ್ಕೆಯನ್ನು ಡಿಗ್ರಿಗಳಲ್ಲಿ ಅಳೆಯುತ್ತಿದ್ದರು. 1960ರಲ್ಲಿ ರೂಬಿ ಲೇಸರ್ ಹುಟ್ಟಿತು, ಮರುವರ್ಷವೇ ಅದನ್ನು ಮನುಷ್ಯನ ಕಣ್ಣಿಗೆ ಬಳಸಿದರು. 1968ರಲ್ಲಿ ಲೆಸ್ಪೆರಾನ್ಸ್ ಆರ್ಗಾನ್ ಲೇಸರ್ ತಂದರು. ಆರ್ಗಾನ್ ಕಿರಣ ಸ್ಲಿಟ್ ಲ್ಯಾಂಪಿನೊಂದಿಗೆ ಜೊತೆಗೂಡಿದಾಗ ಗೋಲ್ಡ್‌ಮನ್ ಮಸೂರಕ್ಕೆ ಎರಡನೆಯ ಬದುಕು ಸಿಕ್ಕಿತು.

ಅದರ ಬಳಕೆ ಕೈಚಳಕದ ಕೆಲಸ. ಹನಿ ಹಾಕಿ ಕಣ್ಣನ್ನು ಮರಗಟ್ಟಿಸಿ, ಮಸೂರದ ಬಟ್ಟಲಿಗೆ ಜೆಲ್ ತುಂಬಿ, ರೋಗಿಗೆ ಮೇಲೆ ನೋಡಲು ಹೇಳಿ ಕೆಳರೆಪ್ಪೆಯ ಕಡೆಯಿಂದ ಒಳಗೆ ಕೂರಿಸುತ್ತಾರೆ. ಒಂದು ಗಾಳಿಗುಳ್ಳೆ ಉಳಿದರೂ ನೋಟ ಮಸುಕಾಗುತ್ತದೆ. ಕನ್ನಡಿ ಮೇಲಿದ್ದರೆ ಕಾಣುವುದು ಕೆಳಗಿನ ರೆಟಿನಾ. ಗುರಿಚುಕ್ಕೆ ಓರೆಯಾಗಿ ಬಿದ್ದು ಮೊಟ್ಟೆಯಾಕಾರ ತಾಳಿದರೆ, ಅದು ದುಂಡಗಾಗುವವರೆಗೆ ಮಸೂರವನ್ನು ಬೆರಳಲ್ಲೇ ತುಸು ವಾಲಿಸಬೇಕು. ಆಮೇಲೆ ಪೆಡಲ್ ಒತ್ತಿದರೆ ರೆಟಿನಾದ ಮೇಲೆ ಬೂದುಬಿಳಿ ಗುರುತು ಮೂಡುತ್ತದೆ.

ಮಧುಮೇಹದಿಂದ ರೆಟಿನಾ ಕೆಟ್ಟವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನ 1976ರಲ್ಲಿ ಫಲಿತಾಂಶ ಹೇಳಿತು: ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಷ್ಟ ಅರ್ಧಕ್ಕಿಂತಲೂ ಕಡಿಮೆಯಾಯಿತು. ಆರ್ಗಾನ್ ಚಿಕಿತ್ಸೆಯ ಸೂತ್ರ 500 ಮೈಕ್ರಾನಿನ 800ರಿಂದ 1600 ಚುಕ್ಕೆಗಳು. ಜಗತ್ತಿನ ವೈದ್ಯರು ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡರು. ಅಷ್ಟರಲ್ಲಿ ಮಸೂರವೇ ಬದಲಾಗತೊಡಗಿತ್ತು. 1969ರಲ್ಲಿ ಶ್ಲೇಗಲ್ ವಿವರಿಸಿದ ಪ್ಯಾನ್‌ಫಂಡೊಸ್ಕೋಪ್ ಕನ್ನಡಿಯಿಲ್ಲದೆ, ತಲೆಕೆಳಗಾದ ಬಿಂಬದಲ್ಲಿ, ರೆಟಿನಾದ ವಿಶಾಲ ಹರವನ್ನು ಒಂದೇ ನೋಟಕ್ಕೆ ತರುತ್ತಿತ್ತು. ಮುಂದೆ ಗೋಳವಲ್ಲದ ಮೇಲ್ಮೈಗಳನ್ನು ಕಡೆದು ಮೇನ್‌ಸ್ಟರ್ ಮತ್ತು ವೋಕ್ ಹೆಸರಿನ ಮಸೂರಗಳು ಅಂಚಿನ ವಕ್ರತೆಯನ್ನೂ ತಗ್ಗಿಸಿದವು.

ತೊಡಕಿದ್ದದ್ದು ಇಲ್ಲಿ. ನೋಟ ಹಿಗ್ಗಬೇಕಾದರೆ ಬಿಂಬ ಕುಗ್ಗಬೇಕು. ಬಿಂಬ ಕುಗ್ಗಿದಷ್ಟೂ ಲೇಸರ್ ಚುಕ್ಕೆ ಹಿಗ್ಗುತ್ತದೆ. ಗೋಲ್ಡ್‌ಮನ್ ಮಸೂರ ಚುಕ್ಕೆಯನ್ನು 1.08 ಪಟ್ಟು ಮಾಡುತ್ತದೆ, ವೋಕ್‌ನ ಕ್ವಾಡ್ರಾಸ್ಫೆರಿಕ್ 1.97 ಪಟ್ಟು. ಯಂತ್ರದ ಗುಂಡಿ 500 ತೋರಿಸುತ್ತಿದ್ದಾಗ ಮೊದಲನೆಯದರಲ್ಲಿ ರೆಟಿನಾದ ಮೇಲೆ 540 ಮೈಕ್ರಾನ್, ಎರಡನೆಯದರಲ್ಲಿ 985. ವಿಸ್ತೀರ್ಣ ಮೂರು ಪಟ್ಟಿಗೂ ಹೆಚ್ಚಾಗುವುದರಿಂದ ಅದೇ ಶಕ್ತಿ ಅಷ್ಟೇ ತೆಳುವಾಗುತ್ತದೆ. ಗುರುತು ಮೂಡಲಿಲ್ಲವೆಂದು ಶಕ್ತಿ ಏರಿಸಿದರೆ ಆರೋಗ್ಯವಾಗಿರುವ ರೆಟಿನಾ ಬೇಕಾದ್ದಕ್ಕಿಂತ ಹೆಚ್ಚು ಸುಡುತ್ತದೆ. ಮಸೂರದ ಹೆಸರು ಹೇಳದೆ ಬರಿಯ ಗುಂಡಿಯ ಅಂಕಿ ಬರೆದಿಟ್ಟ ದಾಖಲೆಗಳನ್ನು ಒಂದಕ್ಕೊಂದು ಹೋಲಿಸುವಂತಿಲ್ಲ. 1990ರಲ್ಲಿ ಮೇನ್‌ಸ್ಟರ್ ಮತ್ತು ಸಂಗಡಿಗರು ಬಳಕೆಯಲ್ಲಿದ್ದ ಮಸೂರಗಳ ವರ್ಧನೆ, ಚುಕ್ಕೆಯ ಅಳತೆ, ನೋಟದ ಹರವುಗಳನ್ನು ಒಟ್ಟಿಗಿಟ್ಟು ಪ್ರಕಟಿಸಿದರು. ಹೋಲಿಸಿದವರದೇ ವಿನ್ಯಾಸವೂ ಆ ಪಟ್ಟಿಯಲ್ಲಿತ್ತು ಎಂಬುದನ್ನು ಗಮನಿಸಬೇಕು. ಹಾಗಿದ್ದೂ, ನಿಖರತೆಯ ದೃಷ್ಟಿಯಿಂದ ಆ ಪ್ರಬಂಧ ಹೊಸದೊಂದು ಲೇಸರ್ ಬಂದದ್ದಕ್ಕಿಂತ ದೊಡ್ಡ ತಿರುವು: ಗುಂಡಿಯ ಅಂಕಿಯನ್ನು ಮಸೂರದ ಅಂಕಿಯಿಂದ ಗುಣಿಸದೆ ಚಿಕಿತ್ಸೆ ಮಾಡಬಾರದೆಂಬುದು ಅಲ್ಲಿಂದ ಸ್ಪಷ್ಟವಾಯಿತು.

ಕಣ್ಣಿನ ಮುಂಭಾಗದ ಮಸೂರಗಳ ಕೆಲಸ ಇದಕ್ಕೆ ತದ್ವಿರುದ್ಧ, ಚುಕ್ಕೆಯನ್ನು ಕುಗ್ಗಿಸುವುದು. ಗ್ಲಕೋಮಾದಲ್ಲಿ ಐರಿಸಿಗೆ ರಂಧ್ರ ಮಾಡಲು ಬಳಸುವ ಅಬ್ರಹಾಂ ಮಸೂರದಲ್ಲಿ 66 ಡಯಾಪ್ಟರಿನ ಪುಟ್ಟ ಗುಬ್ಬಿಯಿದೆ, 1986ರ ವೈಸ್ ಮಸೂರದಲ್ಲಿ 103ರದು. ಕಿರಣ ಚೂಪಾದ ಶಂಕುವಾಗಿ ಐರಿಸಿನ ಮೇಲೆ ಕೂಡಿ, ಕಾರ್ನಿಯಾ ಮತ್ತು ರೆಟಿನಾದಲ್ಲಿ ಹರಡಿಕೊಳ್ಳುವುದರಿಂದ ಅವೆರಡೂ ಸುರಕ್ಷಿತ. 1980ರ ಸುಮಾರಿಗೆ ಪ್ಯಾರಿಸಿನಲ್ಲಿ ಅರೋನ್ ರೋಸಾ, ಬರ್ನ್‌ನಲ್ಲಿ ಫ್ರಾನ್ಜ್ ಫಂಕ್‌ಹೌಸರ್ ಬಳಕೆಗೆ ತಂದ ಯಾಗ್ ಲೇಸರಿಗೂ ಇದೇ ತತ್ತ್ವದ ಮಸೂರಗಳು ಬಂದವು.

2006ರಲ್ಲಿ ವರದಿಯಾದ ಪ್ಯಾಸ್ಕಲ್ ಯಂತ್ರ ಒಂದೇ ಒತ್ತಿಗೆ ಹಲವು ಚುಕ್ಕೆಗಳನ್ನು, ಒಂದೊಂದಕ್ಕೂ 10ರಿಂದ 20 ಮಿಲಿಸೆಕೆಂಡಿನಂತೆ, ಸಾಲಾಗಿ ಹಾಕುತ್ತದೆ. ಗುಂಡಿಯನ್ನು 200ಕ್ಕಿಟ್ಟು ಸುಮಾರು ಎರಡು ಪಟ್ಟು ಹಿಗ್ಗಿಸುವ ಮಸೂರ ಬಳಸಿದರೆ ಚುಕ್ಕೆ 400 ಮೈಕ್ರಾನಿನ ಆಸುಪಾಸು. ಗೋಲ್ಡ್‌ಮನ್ ಮಸೂರದ 1600 ಚುಕ್ಕೆಗಳಷ್ಟು ಜಾಗ ತುಂಬಲು ಇಂಥವು ಸುಮಾರು 3000 ಬೇಕು. ಹಳೆಯ ಎಣಿಕೆಯನ್ನೇ ಹೊಸ ಯಂತ್ರಕ್ಕೆ ಒಯ್ದರೆ ಚಿಕಿತ್ಸೆ ಸಾಲದೆ ಹೋಗುವುದು ಇದರಿಂದಲೇ.

ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ರೆಟಿನಾ ರೋಗಕ್ಕೆ ತಲೆಗೆ ಕಟ್ಟಿಕೊಳ್ಳುವ ಲೇಸರ್ ಬಳಸುತ್ತಾರೆ. ಇಂಥ ಉಪಕರಣವನ್ನು ಜಪಾನಿನ ಮಿಜುನೊ 1981ರಲ್ಲಿ ವಿವರಿಸಿದ್ದರು. ಮಸೂರವನ್ನು ಕೈಯಲ್ಲೇ ಹಿಡಿಯಬೇಕು. 20 ಡಯಾಪ್ಟರಿನದಕ್ಕಿಂತ 28ರದು ಹೆಚ್ಚು ಜಾಗ ತೋರಿಸುತ್ತದೆ, ಚುಕ್ಕೆಯನ್ನೂ ದೊಡ್ಡದು ಮಾಡುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆ 2008ರಿಂದ ಕರ್ನಾಟಕದ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಹುಡುಕುತ್ತಿರುವುದು ಇದೇ ರೋಗವನ್ನು. ತಯಾರಕರ ಪಟ್ಟಿಯ ಅಂಕಿಗಳೆಲ್ಲ ದೊಡ್ಡವರ ಮಾದರಿ ಕಣ್ಣಿಗೆ ಹಾಕಿದ ಲೆಕ್ಕ. ಶಿಶುವಿನ ಕಣ್ಣು ಗಿಡ್ಡ, ಅದರ ಶಕ್ತಿ ಹೆಚ್ಚು. ಹಾಗಾಗಿ ಅದೇ ಮಸೂರದಲ್ಲಿ ರೆಟಿನಾದ ಚುಕ್ಕೆ ಪಟ್ಟಿ ಹೇಳುವುದಕ್ಕಿಂತ ಚಿಕ್ಕದಾಗಿ, ಹೆಚ್ಚು ತೀಕ್ಷ್ಣವಾಗಿ ಬೀಳುತ್ತದೆ.