ಎಡಮಗ್ಗುಲಿನ ಹೊಡೆತ

ತೋವಿನಕೆರೆ ಕಡೆಯ ಹುಡುಗರಿಗೆ ಟೆನಿಸ್ ಎಂದರೆ ಪತ್ರಿಕೆಯ ಕ್ರೀಡಾಪುಟದಲ್ಲಿ ಓದುವ ಆಟ. ನಮಗೆ ಒಗ್ಗಿದ್ದು ಎರಡು ಕಂಬ, ಒಂದು ಬಲೆ, ಹಳದಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್. ಆದರೂ ಎರಡಕ್ಕೂ ಸಲ್ಲುವ ಒಂದು ಬುದ್ಧಿಮಾತುಂಟು: ಎದುರಾಳಿಯ ಬ್ಯಾಕ್‌ಹ್ಯಾಂಡಿಗೆ, ಅಂದರೆ ಬ್ಯಾಟು ಹಿಡಿಯದ ಕೈಯ ಮಗ್ಗುಲಿಗೆ, ಚೆಂಡು ಹಾಕು. ಆ ಮಗ್ಗುಲೇ ಅವನ ಬಲವಾಗಿದ್ದರೆ ಏನು ಗತಿ? ಟೆನಿಸ್ ಚರಿತ್ರೆಯಲ್ಲಿ ಈ ಪ್ರಶ್ನೆ ಅನೇಕರನ್ನು ಕಾಡಿದೆ.

1938ರಲ್ಲಿ ನಾಲ್ಕೂ ಪ್ರಮುಖ ಸಿಂಗಲ್ಸ್ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಗೆದ್ದ ಮೊದಲಿಗ ಅಮೆರಿಕದ ಡಾನ್ ಬಜ್. ಟೆನಿಸ್ ಆಡುತ್ತಿದ್ದುದು ಬಲಗೈಯಲ್ಲಿ. ಆದರೆ ಬಾಲ್ಯದಲ್ಲಿ ಬೇಸ್‌ಬಾಲ್ ಆಡುವಾಗ ಎಡಗೈಯವರಂತೆ ನಿಂತು ದಾಂಡು ಬೀಸುತ್ತಿದ್ದ. ಆ ಬೀಸೇ ಮುಂದೆ ಅವನ ಬ್ಯಾಕ್‌ಹ್ಯಾಂಡ್ ಆಯಿತು.

ಆಸ್ಟ್ರೇಲಿಯದ ಕೆನ್ ರೋಸ್‌ವಾಲ್ ಕಥೆ ನಮಗೆ ಇನ್ನೂ ಹತ್ತಿರದ್ದು. ಆತ ಹುಟ್ಟು ಎಡಚ. ತಂದೆ ಬಲಗೈಯಲ್ಲಿ ಆಡಲು ಕಲಿಸಿದರು. ಸರ್ವಿಸ್ ಕೊನೆಯವರೆಗೂ ಸಪ್ಪೆಯೇ ಆಗಿತ್ತು. ಆದರೆ ಚೆಂಡನ್ನು ಮೇಲಿನಿಂದ ಕೊಯ್ದಂತೆ ಹೊಡೆಯುವ ಬ್ಯಾಕ್‌ಹ್ಯಾಂಡ್ ಜಗತ್ಪ್ರಸಿದ್ಧವಾಯಿತು. 1953ರಲ್ಲಿ 18ರ ಹರೆಯದಲ್ಲಿ ಆಸ್ಟ್ರೇಲಿಯನ್ ಪ್ರಶಸ್ತಿ ಗೆದ್ದವನು 1972ರಲ್ಲಿ 37ರ ಪ್ರಾಯದಲ್ಲಿ ಅದನ್ನೇ ಮತ್ತೆ ಗೆದ್ದ. ನಮ್ಮ ಸೀಮೆಯಲ್ಲೂ ಎಡಗೈಯಲ್ಲಿ ಬಳಪ ಹಿಡಿದ ಮಕ್ಕಳ ಕೈಗೆ ಏಟು ಬೀಳುತ್ತಿದ್ದ ಕಾಲವಿತ್ತು. ರೋಸ್‌ವಾಲನನ್ನು ತೋರಿಸಿ ಅದನ್ನು ಸಮರ್ಥಿಸಬಾರದು. ಅವನ ಸರ್ವಿಸ್ ಹಾಗೇಕೆ ಉಳಿಯಿತೆಂಬುದನ್ನೂ ಯೋಚಿಸಬೇಕು.

ಇಂಥ ಆಟಗಾರರ ತಂತ್ರ ಸರಳ. ಬಲಗೈಯವನು ನಡುಗೆರೆಯಿಂದ ಕೊಂಚ ಬಲಕ್ಕೆ ಸರಿದು ನಿಂತು ಎಡಮಗ್ಗುಲನ್ನು ಖಾಲಿ ಬಿಡುತ್ತಾನೆ. ಜಾಗ ಕಂಡಿತೆಂದು ಎದುರಾಳಿ ಅಲ್ಲಿಗೇ ಹೊಡೆಯುತ್ತಾನೆ, ಬೇಕಾದದ್ದೂ ಅದೇ. ಅಲ್ಲಿಂದ ಚೆಂಡನ್ನು ಓರೆಯಾಗಿ, ಎದುರಾಳಿಯ ಬ್ಯಾಕ್‌ಹ್ಯಾಂಡಿಗೇ ಮರಳಿಸುತ್ತ ಹೋಗುವುದು. ಓರೆ ದಾರಿಯಲ್ಲಿ ಅಂಕಣ ಉದ್ದ, ಬಲೆಯೂ ತಗ್ಗು: ಕಂಬದ ಬಳಿ 1.07 ಮೀಟರ್ ಇರುವ ಬಲೆ ನಡುವೆ 91 ಸೆಂಟಿಮೀಟರ್ ಮಾತ್ರ. ಎದುರಾಳಿ ಆ ಮೂಲೆಗೆ ಅಂಟಿಕೊಂಡ ಮೇಲೆ ಒಂದು ಚೆಂಡನ್ನು ಗೆರೆಗುಂಟ ನೇರವಾಗಿ ಕಳಿಸಿದರಾಯಿತು.

ಡಬಲ್ಸ್‌ನಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಅಂಕಣದ ಎಡಭಾಗದಲ್ಲಿ ನಿಲ್ಲುವ ಬಲಗೈಯವನಿಗೆ ಅಂಚಿನ ಸರ್ವಿಸ್ ಬರುವುದು ಬ್ಯಾಕ್‌ಹ್ಯಾಂಡಿಗೆ. 30-40, ಅಡ್ವಾಂಟೇಜ್ ಮುಂತಾದ ಉಸಿರು ಬಿಗಿಹಿಡಿಯುವ ಅಂಕಗಳೂ ಆ ಭಾಗದಲ್ಲೇ ಆಡಲ್ಪಡುತ್ತವೆ. ಚೆನ್ನೈಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಮಹೇಶ್ ಭೂಪತಿಯವರ ಬ್ಯಾಕ್‌ಹ್ಯಾಂಡ್ ರಿಟರ್ನ್ ಹೆಸರಾದದ್ದು ಹೀಗೆ. 1997ರಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್ ಸ್ಲ್ಯಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 1999ರಲ್ಲಿ ಲಿಯಾಂಡರ್ ಪೇಸ್ ಜೊತೆ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮ್ ಫೈನಲ್ ತಲುಪಿ, ಫ್ರೆಂಚ್ ಹಾಗೂ ವಿಂಬಲ್ಡನ್ ಎರಡನ್ನೂ ಗೆದ್ದರು. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಬೀಸುವ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ರ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದು ನಿನ್ನೆ ಮೊನ್ನೆಯ ಮಾತು.

ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಒಂದು ಕಡೆಗೆ ಐದು ಜನ. ಎಡಗಡೆಯ ಜಾಗಕ್ಕೆ ಉಳಿದುಹೋದ ಹುಡುಗನನ್ನು ನಿಲ್ಲಿಸುವ ರೂಢಿ ಕೆಲವೆಡೆ ಇದೆ. ಆ ಜಾಗಕ್ಕೆ ಬ್ಯಾಕ್‌ಹ್ಯಾಂಡ್ ಗಟ್ಟಿಯಿರುವವನನ್ನೋ, ತಂಡದಲ್ಲೊಬ್ಬ ಎಡಚನಿದ್ದರೆ ಅವನನ್ನೋ ಹುಡುಕಿ ನಿಲ್ಲಿಸಿ ನೋಡಬಹುದು.