ಸೈಕಲ್ ಕಲಿಕೆಗೆ ವಯಸ್ಸಿನ ಹಂಗಿಲ್ಲ

ಮುಂಗಾರಿನ ದಿನಗಳಲ್ಲಿ ಪತ್ರಿಕೆಗಳ ಮಳೆ ವರದಿಯನ್ನು ಓದುವವರಿಗೆ ಮಾಸ್ತಿಕಟ್ಟೆ ಅಪರಿಚಿತ ಹೆಸರಲ್ಲ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಈ ಊರು ಹುಲಿಕಲ್, ಯಡೂರು, ಮಾಣಿಗಳ ಜೊತೆಗೆ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಪಟ್ಟಿಯಲ್ಲಿ ಸೇರಿರುತ್ತದೆ. ತೀರ್ಥಹಳ್ಳಿಯಿಂದ ಕುಂದಾಪುರದತ್ತ ಸಾಗುವ ಬಸ್ಸು ಈ ಊರನ್ನು ದಾಟಿದ ಮೇಲೆ ಹುಲಿಕಲ್ ಘಾಟಿಯನ್ನು ಇಳಿಯುತ್ತದೆ. ವಾರಾಹಿ ಜಲವಿದ್ಯುತ್ ಯೋಜನೆಯ ಕಾರಣದಿಂದಲೂ ಇದು ಹೆಸರಾದ ಊರು.

ಇಂಥ ಊರುಗಳಲ್ಲಿ ಬಸ್ಸು ಹೆದ್ದಾರಿಗೆ ಬರುತ್ತದೆ. ಮನೆಯ ಬಾಗಿಲಿಗೆ ಬರುವುದಿಲ್ಲ. ಮಲೆನಾಡಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟದ ಮಗ್ಗುಲಲ್ಲಿ, ಗುಡ್ಡದ ಬುಡದಲ್ಲಿ ಒಂಟಿಯಾಗಿ ನಿಂತಿವೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವನ್ನು ಒದಗಿಸಿತು. ಆದರೆ ಖಾಸಗಿ ಬಸ್ಸುಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುವ ಹೊಸನಗರ, ತೀರ್ಥಹಳ್ಳಿ ಭಾಗದಲ್ಲಿ ಅದರ ಪ್ರಯೋಜನ ಸೀಮಿತ. ಅದೇನೇ ಇದ್ದರೂ, ಮನೆಯಿಂದ ಬಸ್ ನಿಲ್ದಾಣಕ್ಕೆ, ಹಾಲಿನ ಡೇರಿಗೆ, ಅಂಗನವಾಡಿಗೆ, ನ್ಯಾಯಬೆಲೆ ಅಂಗಡಿಗೆ ಇರುವ ಒಂದೆರಡು ಕಿಲೋಮೀಟರಿನ ದಾರಿಯನ್ನು ಕಾಲ್ನಡಿಗೆಯಲ್ಲೇ ಸವೆಸಬೇಕು.

ಈ ದೂರಕ್ಕೆ ಹೇಳಿ ಮಾಡಿಸಿದ ವಾಹನ ಸೈಕಲ್. ಅದಕ್ಕೆ ಪೆಟ್ರೋಲ್ ಬೇಡ, ಚಾಲನಾ ಪರವಾನಗಿ ಬೇಡ. ಆದರೂ ಸೈಕಲ್ ಬಾರದ ಗೃಹಿಣಿಯೊಬ್ಬರು ಕಲಿಯುವ ಆಸೆಯನ್ನು ಬಾಯಿಬಿಟ್ಟು ಹೇಳಿದರೆ, ‘ಈ ವಯಸ್ಸಿನಲ್ಲಿ ಸೈಕಲ್ಲೇ ಮಾರಾಯ್ತಿ?’ ಎಂಬ ನಗು ಎದುರಾಗುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ. ವಾಸ್ತವವಾಗಿ ವಯಸ್ಕರ ಕಲಿಕೆಗೆ ಅಡ್ಡಿಯಾಗಿರುವುದು ವಯಸ್ಸಿಗಿಂತ ಹೆಚ್ಚಾಗಿ ಕಲಿಸುವ ಕ್ರಮ, ಕಲಿಯುವ ಸ್ಥಳ ಮತ್ತು ಸುತ್ತ ನಿಂತು ನೋಡುವ ಜನ. ಈ ಮೂರನ್ನೂ ಸರಿಪಡಿಸಿದರೆ ಐವತ್ತರ ಹರೆಯದವರೂ ಸೈಕಲ್ ಕಲಿಯಬಲ್ಲರು.

ಕಲಿಯದೆ ಉಳಿದವರು ಯಾರು?

ಹಿಂದೆ ಹಳ್ಳಿಯ ಹುಡುಗರು ಸೈಕಲ್ ಕಲಿತದ್ದು ಬಾಡಿಗೆ ಅಂಗಡಿಯ ಕೃಪೆಯಿಂದ. ಗಂಟೆಯ ಲೆಕ್ಕದಲ್ಲಿ ತಂದ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ‘ಒಳಪೆಡಲ್’ ಹೊಡೆದು, ಮೊಣಕಾಲು ತರಚಿಕೊಂಡು ಅವರು ಕಲಿತರು. ಹೆಣ್ಣುಮಕ್ಕಳಲ್ಲಿ ಬಹುತೇಕರಿಗೆ ಆ ಅವಕಾಶವೇ ಇರಲಿಲ್ಲ.

2006-07ರಲ್ಲಿ ರಾಜ್ಯ ಸರ್ಕಾರ ಆರಂಭಿಸಿ ಮುಂದೆ ವಿಸ್ತರಿಸಿದ ಎಂಟನೇ ತರಗತಿ ಮಕ್ಕಳ ಉಚಿತ ಸೈಕಲ್ ಯೋಜನೆ ಈ ಚಿತ್ರವನ್ನು ಬದಲಿಸಿತು. ಸಮವಸ್ತ್ರ ತೊಟ್ಟು ಸಾಲಾಗಿ ಸೈಕಲ್ ತುಳಿಯುವ ಹುಡುಗಿಯರು ಹಳ್ಳಿಯ ರಸ್ತೆಗಳ ಸಾಮಾನ್ಯ ದೃಶ್ಯವಾದರು. ಕೋವಿಡ್ ಕಾಲದಲ್ಲಿ ಈ ವಿತರಣೆ ನಿಂತಿತು. ಯೋಜನೆಯ ಮೊದಲ ತಂಡದ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ. ಅವರಿಗಿಂತ ಮೊದಲು ಶಾಲೆ ಬಿಟ್ಟ ಅಕ್ಕಂದಿರು, ಅತ್ತಿಗೆಯರು, ಅಮ್ಮಂದಿರು ಮಾತ್ರ ಸೈಕಲ್ಲಿನ ಆಚೆಗೇ ಉಳಿದರು. ವಯಸ್ಕರ ತರಬೇತಿ ಮುಖ್ಯವಾಗಿ ತಲುಪಬೇಕಾದದ್ದು ಇವರನ್ನು. ನಗರದ ಅಪಾರ್ಟ್‌ಮೆಂಟುಗಳಲ್ಲಿ ಸೈಕಲ್ ಮುಟ್ಟದೆ ಬೆಳೆದ ಗಂಡಸರೂ ಹೆಂಗಸರೂ ಈ ಸಾಲಿಗೆ ಸೇರುತ್ತಾರೆ.

ಮೊದಲು ಕಲಿತವರು ದೊಡ್ಡವರೇ

ಸೈಕಲ್ ಕಲಿಯುವುದು ಮಕ್ಕಳ ಕೆಲಸ ಎಂಬ ಭಾವನೆ ಚರಿತ್ರೆಗೆ ಹೊಂದುವುದಿಲ್ಲ. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ರೂಪಿಸಿದ ಎರಡು ಚಕ್ರದ ಗಾಡಿಗೆ ಪೆಡಲ್ ಇರಲಿಲ್ಲ. ಸವಾರ ಅದರ ಮೇಲೆ ಕುಳಿತು ನೆಲವನ್ನು ಕಾಲಿನಿಂದ ಒದೆಯುತ್ತ ಮುಂದೆ ಸಾಗಬೇಕಿತ್ತು. ಲಂಡನ್ನಿನಲ್ಲಿ ಇಂಥದೇ ಗಾಡಿಗಳನ್ನು ತಯಾರಿಸಿದ ಡೆನಿಸ್ ಜಾನ್ಸನ್ 1819ರಲ್ಲಿ ಸವಾರಿ ಕಲಿಸುವ ಶಾಲೆಯನ್ನೇ ತೆರೆದ. ಅಲ್ಲಿಗೆ ಬಂದವರು ವಯಸ್ಕರು. ಪೆಡಲ್ ಜೋಡಣೆಯಾದದ್ದು 1860ರ ದಶಕದಲ್ಲಿ.

ಅಮೆರಿಕದ ಸಮಾಜ ಸುಧಾರಕಿ ಫ್ರಾನ್ಸೆಸ್ ವಿಲ್ಲರ್ಡ್ ತಮ್ಮ 53ನೇ ವಯಸ್ಸಿನಲ್ಲಿ ಸೈಕಲ್ ಕಲಿತು, ಆ ಅನುಭವವನ್ನು ಕುರಿತು 1895ರಲ್ಲಿ ಪುಸ್ತಕ ಪ್ರಕಟಿಸಿದರು. ಅದೇ ವರ್ಷ ರಷ್ಯಾದ ಮಹಾನ್ ಲೇಖಕ ಲಿಯೋ ಟಾಲ್‌ಸ್ಟಾಯ್ ಅರವತ್ತೈದು ದಾಟಿದ ಮೇಲೆ ಮಾಸ್ಕೋದಲ್ಲಿ ಸೈಕಲ್ ಸವಾರಿ ಕಲಿತರು.

ಪುದುಕೋಟೈ ನೀಡಿದ ಪಾಠ

ನೆರೆಯ ತಮಿಳುನಾಡಿನ ಪುದುಕೋಟೈ ಜಿಲ್ಲೆಯ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 1990ರ ದಶಕದ ಆರಂಭದಲ್ಲಿ ಅಲ್ಲಿ ನಡೆದ ‘ಅರಿವೊಳಿ ಇಯಕ್ಕಂ’ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಇದಕ್ಕೆ ಬೆಂಬಲವಾಗಿ ನಿಂತರು. ಕೃಷಿ ಕೂಲಿಕಾರರು, ಕಲ್ಲುಗಣಿ ಕಾರ್ಮಿಕರು, ದಾದಿಯರು, ಅಂಗನವಾಡಿ ಕಾರ್ಯಕರ್ತೆಯರು ಸೈಕಲ್ ಏರಿದರು. ಮಹಿಳೆಯರಿಗೆ ಸೈಕಲ್ ಕೊಳ್ಳಲು ಬ್ಯಾಂಕ್ ಸಾಲದ ಏರ್ಪಾಡೂ ಆಯಿತು. ಪತ್ರಕರ್ತ ಪಿ.ಸಾಯಿನಾಥ್ ತಮ್ಮ ಬರಹದಲ್ಲಿ ದಾಖಲಿಸಿರುವಂತೆ, ಅಲ್ಲಿ ಸೈಕಲ್ ಕಲಿತ ಗ್ರಾಮೀಣ ಮಹಿಳೆಯರ ಸಂಖ್ಯೆ ಲಕ್ಷವನ್ನು ಮೀರಿತ್ತು.

ಅಲ್ಲಿ ಲೇಡೀಸ್ ಸೈಕಲ್ಲುಗಳ ಕೊರತೆಯಿತ್ತು. ಅನೇಕರು ಬಾರ್ ಇರುವ ಗಂಡಸರ ಸೈಕಲ್ಲಿನಲ್ಲೇ ಕಲಿತರು. ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಕೆಲವರು ಅದನ್ನೇ ಬಯಸಿದರು! ಈ ಆಂದೋಲನದಲ್ಲಿ ಗಮನಿಸಬೇಕಾದ ಅಂಶವೆಂದರೆ ಅಲ್ಲಿ ಒಬ್ಬ ಮಹಿಳೆ ಒಂಟಿಯಾಗಿ ನಗೆಪಾಟಲಿಗೆ ಈಡಾಗಲಿಲ್ಲ. ನೂರಾರು ಮಂದಿ ಒಟ್ಟಿಗೆ ಕಲಿಯುವಾಗ ನಗುವವರ ಬಾಯಿ ತಾನಾಗಿಯೇ ಮುಚ್ಚುತ್ತದೆ.

ಹಿಂದಿನಿಂದ ಹಿಡಿದರೆ ಏಕೆ ಕಲಿಯುವುದಿಲ್ಲ?

ನಮ್ಮಲ್ಲಿ ರೂಢಿಯಲ್ಲಿರುವುದು ಒಂದೇ ಕ್ರಮ. ಕಲಿಯುವವರನ್ನು ಎತ್ತರದ ಸೀಟಿನ ಮೇಲೆ ಕೂರಿಸಿ, ಒಬ್ಬರು ಕ್ಯಾರಿಯರ್ ಹಿಡಿದು ಓಡುತ್ತ ‘ತುಳಿ, ತುಳಿ’ ಎನ್ನುವುದು. ಹತ್ತು ವರ್ಷದ ಹಗುರ ದೇಹಕ್ಕೆ ಇದು ಹೇಗೋ ನಡೆಯುತ್ತದೆ. ಅರವತ್ತು ಕಿಲೋ ತೂಕದವರನ್ನು ಹಾಗೆ ಹಿಡಿದು ಓಡುವುದು ಅಸಾಧ್ಯ. ಬಿದ್ದರೆ ಇಬ್ಬರೂ ಬೀಳುತ್ತಾರೆ.

ಇದಕ್ಕಿಂತ ಮುಖ್ಯವಾದ ದೋಷ ಇನ್ನೊಂದಿದೆ. ಸೈಕಲ್ ಎಡಕ್ಕೆ ವಾಲಿದಾಗ ಹ್ಯಾಂಡಲ್ಲನ್ನು ಎಡಕ್ಕೇ, ಬಲಕ್ಕೆ ವಾಲಿದಾಗ ಬಲಕ್ಕೇ ತುಸು ತಿರುಗಿಸಬೇಕು. ಆಗ ಚಕ್ರಗಳು ವಾಲಿದ ದೇಹದ ಅಡಿಗೆ ಬಂದು ಸಮತೋಲ ಮರಳುತ್ತದೆ. ಸಮತೋಲದ ಗುಟ್ಟು ಇಷ್ಟೇ. ಹಿಂದಿನಿಂದ ಹಿಡಿದವರು ಸೈಕಲ್ಲನ್ನು ವಾಲಲು ಬಿಡುವುದೇ ಇಲ್ಲವಾದ್ದರಿಂದ, ಕಲಿಯುವವರ ಕೈಗಳಿಗೆ ಈ ಅಭ್ಯಾಸವೇ ಆಗುವುದಿಲ್ಲ. ಹಿಡಿದವರು ಕೈಬಿಟ್ಟ ಕೂಡಲೇ ಭಯದಿಂದ ಹ್ಯಾಂಡಲ್ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಸೈಕಲ್ ಉರುಳುತ್ತದೆ.

ಮಗು ಬಿದ್ದರೆ ಮಂಡಿ ತರಚುತ್ತದೆ. ಮನೆ ನಡೆಸುವ ಹೆಂಗಸಿನ ಮಣಿಕಟ್ಟು ಉಳುಕಿದರೆ ಅಡುಗೆ, ಹಾಲು ಕರೆಯುವುದು, ಕೂಲಿ ಎಲ್ಲವೂ ನಿಲ್ಲುತ್ತವೆ. ‘ಬೀಳದೆ ಸೈಕಲ್ ಬರುವುದಿಲ್ಲ’ ಎಂಬ ಮಾತನ್ನು ವಯಸ್ಕರ ತರಬೇತಿಯಲ್ಲಿ ಬದಿಗಿಡಬೇಕಾದದ್ದು ಈ ಕಾರಣಕ್ಕೆ.

ಪೆಡಲ್ ಇಲ್ಲದ ಸೈಕಲ್

ವಿದೇಶಗಳ ತರಬೇತಿ ಶಿಬಿರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು ‘ಮೊದಲು ಸಮತೋಲ, ನಂತರ ಪೆಡಲ್’ ಎಂಬ ಕ್ರಮ. ನ್ಯೂಯಾರ್ಕಿನ ‘ಬೈಕ್ ನ್ಯೂಯಾರ್ಕ್’ ಸಂಸ್ಥೆ ವಯಸ್ಕರಿಗೆ ಉಚಿತವಾಗಿ ಕಲಿಸುವುದೂ ಹೀಗೆಯೇ. ಒಂದರ್ಥದಲ್ಲಿ ಇದು 1817ರ ಡ್ರೈಸ್ ಗಾಡಿಗೆ ಹಿಂದಿರುಗುವುದು. ಹಂತಗಳು ಹೀಗಿವೆ:

1. ಪೆಡಲ್ ಬಿಚ್ಚುವುದು: ಸಾಮಾನ್ಯವಾಗಿ 15 ಮಿ.ಮೀ. ಸ್ಪ್ಯಾನರ್ ಸಾಕು. ಪೆಡಲ್ಲಿಗೆ ಎದುರಾಗಿ ನಿಂತಾಗ, ಬಲ ಪೆಡಲ್ಲನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೂ ಎಡ ಪೆಡಲ್ಲನ್ನು ಮುಳ್ಳಿನ ದಿಕ್ಕಿಗೂ ತಿರುಗಿಸಬೇಕು. ಎಡಗಡೆಯ ಮರೆ ಉಲ್ಟಾ ಇರುತ್ತದೆಂಬುದನ್ನು ಮರೆತು ಬಲಪ್ರಯೋಗ ಮಾಡಿದರೆ ಪೆಡಲ್ ಇನ್ನಷ್ಟು ಬಿಗಿಯುತ್ತದೆ.

2. ಸೀಟು ಇಳಿಸುವುದು: ಕುಳಿತಾಗ ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ಊರಬೇಕು. ಮನೆಯ ಮಕ್ಕಳು ಬಳಸಿ ಬಿಟ್ಟ ಚಿಕ್ಕ ಲೇಡೀಸ್ ಸೈಕಲ್ ಇದಕ್ಕೆ ಅನುಕೂಲ. ನೆಲ ಕಾಲಿಗೆ ಸಿಗುತ್ತದೆಂದು ತಿಳಿದ ಕ್ಷಣದಲ್ಲೇ ಅರ್ಧ ಭಯ ಕಳೆಯುತ್ತದೆ.

3. ಬ್ರೇಕಿನ ಪರಿಚಯ: ಸೈಕಲ್ಲನ್ನು ಪಕ್ಕದಲ್ಲಿ ತಳ್ಳಿಕೊಂಡು ನಡೆಯುತ್ತ, ಹೇಳಿದಾಗ ಬ್ರೇಕ್ ಹಿಡಿದು ನಿಲ್ಲಿಸುವ ಅಭ್ಯಾಸವಾಗಬೇಕು. ನಿಲ್ಲಿಸಲು ಬಂದವರಿಗೆ ಮಾತ್ರ ಓಡಿಸುವ ಧೈರ್ಯ ಬರುತ್ತದೆ.

4. ಕುಳಿತು ನಡೆಯುವುದು: ಸೀಟಿನ ಮೇಲೆ ಕುಳಿತು ಪುಟ್ಟ ಹೆಜ್ಜೆಗಳನ್ನಿಡುವುದು, ಬಳಿಕ ದಾಪುಗಾಲು, ಆಮೇಲೆ ಎರಡೂ ಕಾಲುಗಳಿಂದ ನೆಲವನ್ನು ಒದ್ದು ಜಾರುವುದು. ಕಣ್ಣು ಚಕ್ರದ ಮೇಲಲ್ಲ, ಮುಂದಿನ ದಾರಿಯ ಮೇಲಿರಬೇಕು.

5. ತೇಲುವುದು: ಕಾಲುಗಳನ್ನು ಎತ್ತಿ ಮೂರು ಸೆಕೆಂಡು, ಐದು ಸೆಕೆಂಡು ಸಾಗಲು ಬಂದರೆ ಸಮತೋಲ ಬಂದಂತೆಯೇ. ಈ ಹಂತಕ್ಕೆ ಕೆಲವರಿಗೆ ಅರ್ಧ ಗಂಟೆ ಬೇಕಾಗಬಹುದು, ಕೆಲವರಿಗೆ ನಾಲ್ಕು ದಿನ. ಅವಸರ ಸಲ್ಲದು.

6. ಪೆಡಲ್ ಜೋಡಿಸುವುದು: ಒಂದು ಪೆಡಲ್ಲನ್ನು ಮುಂದಕ್ಕೂ ಮೇಲಕ್ಕೂ ಇಟ್ಟು, ಅದನ್ನು ಒತ್ತುತ್ತ ಇನ್ನೊಂದು ಕಾಲಿನಿಂದ ನೆಲವನ್ನು ಒದೆಯಬೇಕು. ನೇರ ಸವಾರಿ, ನಿಲುಗಡೆ, ತಿರುವು, ಹಿಂದಿರುಗಿ ನೋಡುವುದು, ಒಂದು ಕೈ ಎತ್ತಿ ಸೂಚನೆ ನೀಡುವುದು ಇದೇ ಅನುಕ್ರಮದಲ್ಲಿ ಬರಬೇಕು. ಕೊನೆಗೆ ಸೀಟನ್ನು ತುಸುತುಸುವೇ ಏರಿಸಬಹುದು.

ಸ್ಥಳ ಮತ್ತು ಕಾಲ

ಬಯಲುಸೀಮೆಯಲ್ಲಿ ಸಮತಟ್ಟಾದ ನೆಲಕ್ಕೆ ಹುಡುಕಬೇಕಿಲ್ಲ. ಮಲೆನಾಡಿನಲ್ಲಿ ಅದೇ ದೊಡ್ಡ ಸಮಸ್ಯೆ. ಮನೆಯಂಗಳ ಸಮತಟ್ಟಾಗಿದ್ದರೂ ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಮಳೆ ನಿಂತು ಅಂಗಳ ಒಣಗುವ ಹೊತ್ತಿಗೆ ಕೊನೆಕೊಯ್ಲು ಆರಂಭವಾಗಿ ಅಲ್ಲೆಲ್ಲ ಅಡಿಕೆ ಹರಡಿರುತ್ತದೆ. ಹೀಗಾಗಿ ಮಾಸ್ತಿಕಟ್ಟೆಯಂಥ ಊರಿಗೆ ಸೂಕ್ತವಾದದ್ದು ಶಾಲಾ ಮೈದಾನ. ದೀಪಾವಳಿಯಿಂದ ಯುಗಾದಿಯವರೆಗಿನ ಒಣ ತಿಂಗಳುಗಳ ಭಾನುವಾರಗಳು ತರಬೇತಿಗೆ ಪ್ರಶಸ್ತ. ಕೊಯ್ಲಿನ ಕೆಲಸದ ಒತ್ತಡವಿರುವ ಮನೆಗಳಿಗೆ ಶಿವರಾತ್ರಿಯ ನಂತರದ ದಿನಗಳು ಹೆಚ್ಚು ಅನುಕೂಲ.

ಗಟ್ಟಿಯಾದ, ಜಲ್ಲಿಯಿಲ್ಲದ, ಕಣ್ಣಿಗೆ ಕಾಣದಷ್ಟು ಇಳಿಜಾರಿರುವ ನೆಲ ಅತ್ಯುತ್ತಮ. ರಸ್ತೆಗೆ ಅಂಟಿಕೊಂಡ, ದಾರಿಹೋಕರು ನಿಂತು ನೋಡುವ ಜಾಗವನ್ನು ಆರಂಭದ ದಿನಗಳಲ್ಲಿ ಬಿಡಬೇಕು. ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ ಬಡಾವಣೆಯ ಆಟದ ಮೈದಾನದ ಮುಂಜಾನೆಯ ಒಂದು ಗಂಟೆ ಇದೇ ಉಪಯೋಗಕ್ಕೆ ಬರುತ್ತದೆ. ಸಮಯವನ್ನು ನಿಗದಿ ಮಾಡುವ ಮುನ್ನ ಕಲಿಯುವವರನ್ನೇ ಕೇಳುವುದು ಒಳ್ಳೆಯದು. ಹಾಲು ಕರೆಯುವ ಹೊತ್ತಿಗೆ ತರಗತಿ ಇಟ್ಟು, ‘ಹೆಂಗಸರು ಬರಲೇ ಇಲ್ಲ’ ಎಂದು ದೂರಿದರೆ ಅರ್ಥವಿಲ್ಲ.

ಉಡುಪು ಮತ್ತು ಸುರಕ್ಷತೆ

ಸೀರೆ ಉಡುವವರಿಗೆ ‘ಚೂಡಿದಾರ್ ಹಾಕಿಕೊಂಡು ಬನ್ನಿ’ ಎಂದು ಷರತ್ತು ವಿಧಿಸಿದರೆ ಕೆಲವರು ಮನೆಯಲ್ಲೇ ಉಳಿಯುತ್ತಾರೆ. ಬಾರ್ ಇಲ್ಲದ ಸೈಕಲ್ಲಿಗೆ ಚೈನ್ ಕವರನ್ನೂ ಹಿಂಚಕ್ರಕ್ಕೆ ಸೀರೆ ಸಿಲುಕದಂತೆ ಜಾಲರಿಯನ್ನೂ ಹಾಕಿಸಿದರೆ ಸೀರೆಯಲ್ಲೂ ಕಲಿಯಬಹುದು. ಸೆರಗನ್ನು, ದುಪಟ್ಟಾವನ್ನು ಸೊಂಟಕ್ಕೆ ಬಿಗಿಯಬೇಕು. ಬೆರಳು ಮುಚ್ಚುವ ಪಾದರಕ್ಷೆ, ತಲೆಗೆ ಸರಿಹೊಂದುವ ಹೆಲ್ಮೆಟ್ ಇರಲಿ. ತಲೆಸುತ್ತು, ಮೂಳೆ ಸವೆತ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ಹಾಗೂ ಗರ್ಭಿಣಿಯರು ಮೊದಲು ವೈದ್ಯರ ಸಲಹೆ ಪಡೆಯಬೇಕು.

ಎಲ್ಲರಿಗೂ ಎರಡು ಚಕ್ರವೇ ಸಲ್ಲುತ್ತದೆ ಎಂದೇನಿಲ್ಲ. ಸಮತೋಲದ ತೊಂದರೆ ಇರುವವರಿಗೆ ಮೂರು ಚಕ್ರದ ಸೈಕಲ್, ಕಾಲಿನ ಬಲ ಸಾಲದವರಿಗೆ ಕೈಯಿಂದ ತಿರುಗಿಸುವ ತ್ರಿಚಕ್ರಿ, ದೃಷ್ಟಿದೋಷ ಉಳ್ಳವರಿಗೆ ಜೋಡಿ ಸೈಕಲ್ಲಿನ ಹಿಂದಿನ ಸೀಟು ಇದೆ. ಕಿವಿ ಕೇಳದವರಿಗೆ ಪ್ರತಿ ಹಂತವನ್ನೂ ಮಾಡಿ ತೋರಿಸಿದರೆ ಸಾಕು.

ಬೋಧಕರ ಮಾತು

ಬರ್ಲಿನ್ನಿನಲ್ಲಿ 2015ರಲ್ಲಿ ಆರಂಭವಾದ ‘ಬೈಕಿಗೀಸ್’ ಎಂಬ ಸಂಘಟನೆ ನಿರಾಶ್ರಿತ ಮಹಿಳೆಯರಿಗೆ ಮಹಿಳೆಯರಿಂದಲೇ ಸೈಕಲ್ ಕಲಿಸುತ್ತಿದೆ. ನಮ್ಮಲ್ಲೂ ಸ್ತ್ರೀಶಕ್ತಿ ಗುಂಪುಗಳು, ಸ್ವಸಹಾಯ ಸಂಘಗಳು ಊರೂರಿನಲ್ಲಿವೆ. ಶಾಲೆಯ ದಿನಗಳಲ್ಲಿ ಸರ್ಕಾರದ ಸೈಕಲ್ ತುಳಿದ ಯುವತಿಯರೇ ಅಲ್ಲಿನ ಸದಸ್ಯೆಯರಿಗೆ ಕಲಿಸಬಲ್ಲರು. ಹೊಸದಾಗಿ ಕಲಿತವರು ಮುಂದಿನ ತಂಡಕ್ಕೆ ಕಲಿಸಿದರೆ ಇನ್ನೂ ಉತ್ತಮ. ಭಯದ ನೆನಪು ಅವರಲ್ಲಿ ಮಾಸಿರುವುದಿಲ್ಲ.

ಬೋಧಕಿ ‘ಅಕ್ಕ’, ‘ಅಮ್ಮ’ ಎಂದು ಗೌರವದಿಂದ ಕರೆಯಬೇಕು. ‘ಇಷ್ಟೂ ಬರುವುದಿಲ್ಲವೇ?’ ಎಂಬ ಮಾತು ಬಾಯಿಗೆ ಬರಬಾರದು. ಒಮ್ಮೆಗೆ ಒಂದೇ ಸೂಚನೆ ಕೊಡಬೇಕು. ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಬಾರದು. ಅನುಮತಿಯಿಲ್ಲದೆ ಮೈಮುಟ್ಟಿ ತಿದ್ದಬಾರದು, ಮೊಬೈಲ್‌ನಲ್ಲಿ ಚಿತ್ರ ತೆಗೆಯಬಾರದು. ಮಧ್ಯದಲ್ಲಿ ನಿಲ್ಲಿಸಿ ಕುಳಿತವರನ್ನು ಒತ್ತಾಯಿಸದೆ, ಮುಂದಿನ ವಾರವೂ ಬನ್ನಿ ಎಂದು ಕರೆಯಬೇಕು.

ಮೈದಾನದಿಂದ ರಸ್ತೆಗೆ

ಮೈದಾನದಲ್ಲಿ ಕಲಿತವರೆಲ್ಲ ಮರುದಿನವೇ ಹೆದ್ದಾರಿಗೆ ಇಳಿಯುವಂತಿಲ್ಲ. ಮೊದಲು ಬೋಧಕಿಯೊಂದಿಗೆ ಊರೊಳಗಿನ ರಸ್ತೆ, ಆಮೇಲೆ ಡೇರಿಯವರೆಗಿನ ನಿತ್ಯದ ದಾರಿ. ರಸ್ತೆಯ ಎಡಭಾಗದಲ್ಲಿ, ಆದರೆ ಅಂಚಿನ ಜಲ್ಲಿಗೆ ಇಳಿಯದಂತೆ ಸಾಗಬೇಕು. ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುವುದು ಅವಮಾನವಲ್ಲ. ಇಳಿಜಾರಿನಲ್ಲಿ ವೇಗ ಹೆಚ್ಚುವ ಮೊದಲೇ ಎರಡೂ ಬ್ರೇಕುಗಳನ್ನು ಮೃದುವಾಗಿ ಹಿಡಿಯಬೇಕು. ಒದ್ದೆಯಾದ ಚಕ್ರದಲ್ಲಿ ಬ್ರೇಕ್ ತಡವಾಗಿ ಹಿಡಿಯುತ್ತದೆಂಬುದನ್ನು ಮಳೆನಾಡಿನವರು ಮರೆಯಬಾರದು. ಹುಲಿಕಲ್ ಘಾಟಿಯಂಥ ತಿರುವುಗಳ ರಸ್ತೆ ಹೊಸಬರಿಗೆ ಸಲ್ಲದು.

ಹೀಗೊಂದು ತರಬೇತಿಗೆ ಬೇಕಾಗುವ ಬಂಡವಾಳ ನಾಲ್ಕೈದು ಹಳೆಯ ಸೈಕಲ್, ಒಂದು ಗಾಳಿ ಪಂಪು, ಒಂದು ಸ್ಪ್ಯಾನರ್ ಹಾಗೂ ಭಾನುವಾರದ ಎರಡು ಗಂಟೆ. ಗ್ರಾಮ ಪಂಚಾಯಿತಿ ಮತ್ತು ಶಾಲಾಭಿವೃದ್ಧಿ ಸಮಿತಿ ಮನಸ್ಸು ಮಾಡಿದರೆ ಮೈದಾನ ದೊರೆಯುತ್ತದೆ. ಮನೆಯಿಂದ ಬಸ್ ನಿಲ್ದಾಣದವರೆಗಿನ ದಾರಿಯಲ್ಲಿ ಯಾರ ಬೈಕಿಗೂ ಕಾಯದೆ, ಯಾರನ್ನೂ ಕೇಳದೆ ತಾವೇ ಹೋಗಿಬರುವ ಸ್ವಾತಂತ್ರ್ಯ ಆ ಎರಡು ಗಂಟೆಗಳಿಂದ ಆರಂಭವಾಗುತ್ತದೆ.